ಹಳೆ ರಿವಾಲ್ವರ್ ಸರಿಯಿಲ್ಲ ಅನ್ನಿಸಿದರೆ ಎಲ್ಲಿಂದ ಹುಡುಕಬೇಕು

ಪರವಾನಗಿ ಇರುವ, ಹಿರಿಯರಿಂದ ಬಂದ ಹಳೆ ರಿವಾಲ್ವರ್ ಇಟ್ಟುಕೊಂಡವರಿಗೆ ಇದು. ಧಾರವಾಡ, ಗದಗ, ಹಾವೇರಿ ಕಡೆಯ ವಾಡೆಗಳಲ್ಲಿ, ದೊಡ್ಡ ಒಕ್ಕಲುತನದ ಮನೆಗಳಲ್ಲಿ ಇಂಥವು ಇನ್ನೂ ಇವೆ. ಮುತ್ತಜ್ಜ ಕೊಂಡದ್ದು, ಅಜ್ಜ ಸೊಂಟಕ್ಕೆ ಕಟ್ಟಿದ್ದು, ಅಪ್ಪ ತಿಜೋರಿಯಲ್ಲಿಟ್ಟು ಮರೆತದ್ದು. ವೆಬ್ಲಿ, ಕೋಲ್ಟ್, ಸ್ಮಿತ್ ಅಂಡ್ ವೆಸನ್ ಈ ಕಂಪನಿಗಳವೇ ಜಾಸ್ತಿ. ಸಾಮಾನ್ಯ ಪರವಾನಗಿಯಲ್ಲಿ ಕಾಣುವುದು ಹೆಚ್ಚಾಗಿ ಪಾಯಿಂಟ್ 32. ಪಾಯಿಂಟ್ 38 ಮತ್ತು 455 ನಮ್ಮಲ್ಲಿ ನಿಷೇಧಿತ ಬೋರ್, ಅಂದರೆ ಸಾಮಾನ್ಯ ಪರವಾನಗಿಯಲ್ಲಿ ಕೊಡದ ಬ್ಯಾರಲ್ ಅಳತೆ. ಆಯುಧ ಕಾಯ್ದೆಗೆ 2019ರ ತಿದ್ದುಪಡಿ ಬಂದ ಮೇಲೆ ಒಬ್ಬರ ಹೆಸರಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ, ವಂಶಪಾರಂಪರ್ಯವಾಗಿ ಬಂದದ್ದೂ ಆ ಲೆಕ್ಕಕ್ಕೇ ಸೇರುತ್ತದೆ. ಹಾಗಾಗಿ ನಮ್ಮ ಕಡೆ ಸಂಗ್ರಹ ಅಂದರೆ ಕಪಾಟು ತುಂಬಿಸುವುದಲ್ಲ. ಇರುವ ಒಂದನ್ನೋ ಎರಡನ್ನೋ ಚೆನ್ನಾಗಿ ಅರ್ಥ ಮಾಡಿಕೊಂಡು ಕೆಡದಂತೆ ನೋಡಿಕೊಳ್ಳುವುದು.

ಈ ಹಳೆ ರಿವಾಲ್ವರ್‌ಗಳು ಕೈಯಿಂದ ಕೂರಿಸಿದವು. ಕಾರ್ಖಾನೆಯಲ್ಲಿ ಭಾಗಗಳನ್ನು ಒಂಚೂರು ದಪ್ಪವಾಗಿಯೇ ಮಾಡುತ್ತಿದ್ದರು. ಆಮೇಲೆ ಒಬ್ಬ ಕುಶಲಕರ್ಮಿ ಕೂತು, ಅರ ಹಿಡಿದು, ಕಾಡತೂಸು ತುಂಬಿ ತಿರುಗುವ ಈ ಸಿಲಿಂಡರ್‌ಗೆ ಈ ಹಲ್ಲು, ಕಾಡತೂಸಿನ ಬೆನ್ನಿಗೆ ಬಡಿಯುವ ಈ ಹ್ಯಾಮರ್‌ಗೆ ಈ ಟ್ರಿಗರ್ ಅಂತ ಒಂದೊಂದಾಗಿ ಸವೆಸಿ ಜೋಡಿಸುತ್ತಿದ್ದ. ಒಂದೇ ಮಾಡೆಲ್‌ನ ಎರಡು ರಿವಾಲ್ವರ್ ಇದ್ದರೂ ಒಂದರ ಭಾಗ ಇನ್ನೊಂದಕ್ಕೆ ಸುಮ್ನೆ ಕೂರುವುದಿಲ್ಲ. 1955ರಲ್ಲಿ ಬಂದ ಕೋಲ್ಟ್ ಪೈಥಾನ್‌ಗೆ ಇಷ್ಟು ಹೆಸರು ಬಂದದ್ದೂ ಈ ಕೈಕೆಲಸದಿಂದಲೇ. ಸಂತೋಷದ ವಿಷಯ ಏನಂದರೆ, ದೋಷ ಎಲ್ಲಿದೆ ಅಂತ ಹುಡುಕಲು ಇದನ್ನು ಬಿಚ್ಚಬೇಕಾಗಿಲ್ಲ. ಕಣ್ಣು, ಬೆರಳು, ಕಿವಿ ಸಾಕು. ಬಿಚ್ಚುವ ಕೆಲಸ ನಮ್ಮದಲ್ಲ. ನಾನು ಕಂಡ ಹಾಳಾದ ರಿವಾಲ್ವರ್‌ಗಳಲ್ಲಿ ಗುಂಡು ಹಾರಿಸಿ ಕೆಟ್ಟವು ಕಡಿಮೆ, ಮನೆಯವರು ರಿಪೇರಿ ಮಾಡಿ ಕೆಡಿಸಿದವೇ ಹೆಚ್ಚು.

ಎಲ್ಲಕ್ಕಿಂತ ಮೊದಲು

ಕಾಡತೂಸುಗಳನ್ನು ಬೇರೆ ಕೋಣೆಯಲ್ಲಿಡಿ. ಸಿಲಿಂಡರ್ ತೆರೆಯಿರಿ, ಅದರಲ್ಲಿ ಕಾಡತೂಸು ಕೂರುವ ಆರೂ ತೂತು, ಅಂದರೆ ಕೋಣೆ, ಕಣ್ಣಿಂದ ನೋಡಿ, ಬೆರಳಿಂದಲೂ ಮುಟ್ಟಿ ನೋಡಿ. ಕೆಲವು ಸಣ್ಣ ಹಳೆಯವಕ್ಕೆ ಐದೇ ಕೋಣೆ ಇರುತ್ತವೆ, ಅದೂ ಗೊತ್ತಿರಲಿ. ಕೈಯಿಂದ ಕೆಳಗಿಟ್ಟು ನೀರು ಕುಡಿದು ಬಂದರೂ ಮತ್ತೆ ತೆರೆದು ನೋಡಬೇಕು. ಮನೆಯಲ್ಲಿ ಮಕ್ಕಳಿದ್ದರೆ ಅವರು ಶಾಲೆಗೆ ಹೋದಾಗ ಈ ಕೆಲಸ ಇಟ್ಟುಕೊಳ್ಳಿ. ಬ್ಯಾರಲ್ ಯಾವತ್ತೂ ಗಟ್ಟಿ ಗೋಡೆಯ ಕಡೆ, ಆ ಗೋಡೆಯ ಹಿಂದೆ ಜನ ಇರಬಾರದು. ಸಿಲಿಂಡರ್ ತೆರೆಯಲಿಕ್ಕೇ ಆಗುತ್ತಿಲ್ಲ, ಒಳಗೆ ಏನಿದೆ ಗೊತ್ತಿಲ್ಲ ಅಂದರೆ ಅದನ್ನು ತುಂಬಿದ್ದು ಅಂತಲೇ ತಿಳಿಯಿರಿ. ಮುಂದಿನ ಯಾವ ಪರೀಕ್ಷೆಯನ್ನೂ ಮಾಡಬೇಡಿ. ಸುತ್ತಿಗೆ, ಇಕ್ಕಳ ಅಂತ ಯೋಚನೆ ಕೂಡ ಬೇಡ.

ಅಟ್ಟದ ಟ್ರಂಕಿನಲ್ಲಿ ಕಾಗದಪತ್ರ ಇಲ್ಲದ ರಿವಾಲ್ವರ್ ಸಿಕ್ಕಿದ್ದರೆ ಅದು ಬೇರೆಯೇ ಪ್ರಕರಣ. ಒರೆಸುವುದು, ಪರೀಕ್ಷಿಸುವುದು, ಯಾರಿಗೋ ಒಯ್ದು ತೋರಿಸುವುದು ಯಾವುದೂ ಬೇಡ. ಮೊದಲು ವಕೀಲರಿಗೆ ಹೇಳಿ, ತಡ ಮಾಡದೆ ಪೊಲೀಸ್ ಠಾಣೆಗೆ ತಿಳಿಸಿ. ಪರವಾನಗಿದಾರರು ತೀರಿಕೊಂಡು ವಾರಸುದಾರರ ಹೆಸರಿಗೆ ಇನ್ನೂ ಆಗಿಲ್ಲ ಅನ್ನುವವರಿಗೂ ಇದೇ ಮಾತು: ಠಾಣೆಯಲ್ಲೋ ಪರವಾನಗಿ ಇರುವ ಬಂದೂಕು ವ್ಯಾಪಾರಿಯ ಬಳಿಯೋ ಜಮಾ ಮಾಡಿ, ಆಮೇಲೆ ಅರ್ಜಿ ಹಾಕಿ.

ಟ್ರಿಗರ್ ಭಾರ, ಹ್ಯಾಮರ್ ಎಳೆದರೆ ಸೋಮಾರಿ, ವಾಪಸು ಬರಲು ತಡ

ಜನ ಹೇಳುವ ದೂರಿನಲ್ಲಿ ಇದೇ ಮೊದಲನೆಯದು. ಸ್ಪ್ರಿಂಗ್ ಹೋಗಿದೆ ಅಂದುಕೊಳ್ಳುತ್ತಾರೆ. ಬಹಳ ಸಲ ಹೋಗಿರುವುದು ಎಣ್ಣೆ.

ನಮ್ಮ ಕಡೆ ಅಡಿಗೆಗೆ ಕುಸುಬಿ ಎಣ್ಣೆ. ಹಿಂದೆ ಅದನ್ನೇ ನಾಲ್ಕು ಹನಿ ಇದಕ್ಕೂ ಹಾಕುತ್ತಿದ್ದರು. ಕುಸುಬಿ ಎಣ್ಣೆಯ ಗುಣ ಏನು ಅಂದರೆ ಗಾಳಿ ತಾಗಿದರೆ ಅದು ನಿಧಾನವಾಗಿ ಗಟ್ಟಿಯಾಗುತ್ತದೆ, ಮೊದಲು ಅಂಟು, ಆಮೇಲೆ ಹಳದಿ ಪೊರೆ. ಅಗಸೆ ಎಣ್ಣೆಯನ್ನು ಮರದ ಬಾಗಿಲಿಗೆ ಬಳಿಯುವುದು ಇದೇ ಗುಣಕ್ಕೆ, ಎರಡೂ ಒಂದೇ ಜಾತಿ. ಬಾಗಿಲಿಗೆ ಒಳ್ಳೆಯದು, ರಿವಾಲ್ವರ್ ಹೊಟ್ಟೆಗೆ ಕೆಟ್ಟದ್ದು. ಕೊಬ್ಬರಿ ಎಣ್ಣೆ ಹಾಕಿದ್ದರೆ ಇನ್ನೊಂದು ತಮಾಷೆ. ಬೇಸಿಗೆಯಲ್ಲಿ ಎಲ್ಲ ಸರಿ, ಡಿಸೆಂಬರ್ ಜನವರಿಯ ಧಾರವಾಡದ ಬೆಳಗಿನಲ್ಲಿ ಹ್ಯಾಮರ್ ಬಿಗಿ. ಬಾಟಲಿಯಲ್ಲಿ ಎಣ್ಣೆ ಹೆಪ್ಪುಗಟ್ಟುವ ಹೊತ್ತಿಗೆ ಅದರೊಳಗೂ ಹೆಪ್ಪುಗಟ್ಟಿರುತ್ತದೆ, ಅಷ್ಟೇ.

ಮೊದಲು ಹೊರಗಿಂದ ನೋಡಿ. ಹ್ಯಾಮರ್ ಅರ್ಧ ಎಳೆದು ಅದರ ಎರಡೂ ಪಕ್ಕ ಬ್ಯಾಟರಿ ಬೆಳಕು ಬಿಡಿ. ಜೇನುಬಣ್ಣದ ಪೊರೆ, ಅದಕ್ಕೆ ಅಂಟಿದ ಧೂಳು ಕಂಡರೆ ಉತ್ತರ ಸಿಕ್ಕಿತು. ಗದಗ ಕಡೆಯ ಗಾಳಿಯಲ್ಲಿ ಧೂಳು ಎಷ್ಟಿರುತ್ತದೆ ಅಂತ ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಮರದ ಹಿಡಿಕೆ ಕಳಚಿಡಿ. ಅದಕ್ಕೆ ಒಂದೇ ಸ್ಕ್ರೂ ಇರುತ್ತದೆ, ನಾವು ಮುಟ್ಟಬಹುದಾದ ಸ್ಕ್ರೂ ಅದೊಂದೇ. ಸ್ಕ್ರೂಡ್ರೈವರ್ ತುದಿ ಸ್ಕ್ರೂ ತಲೆಯ ಗೀರಿಗೆ ಪೂರ್ತಿ ಕೂರಬೇಕು, ಸಡಿಲವಿದ್ದರೆ ಸ್ಕ್ರೂ ತಲೆ ಕಿತ್ತು ಬರುತ್ತದೆ. ಕಿತ್ತ ಸ್ಕ್ರೂ ತಲೆ ನೋಡಿದರೆ ಹಿಂದೆ ಯಾರೋ ಒಳಗೆ ಕೈ ಹಾಕಿದ್ದಾರೆ ಅಂತಲೇ ಲೆಕ್ಕ. ಕೊಳ್ಳುವಾಗ ನಾನು ಮೊದಲು ನೋಡುವುದು ಬ್ಯಾರಲ್ ಅಲ್ಲ, ಸ್ಕ್ರೂ ತಲೆಗಳನ್ನು.

ಹ್ಯಾಮರ್ ಸಂದಿಗೆ, ಟ್ರಿಗರ್ ಸಂದಿಗೆ ಚಿಮಣಿ ಎಣ್ಣೆ (ಸೀಮೆಎಣ್ಣೆ) ಕೆಲವು ಹನಿ ಬಿಡಿ, ಹಳೆ ಬಟ್ಟೆಯ ಮೇಲೆ ಓರೆಯಾಗಿ ಇಟ್ಟು ರಾತ್ರಿ ಕಳೆಯಲಿ. ಕಂದು ನೀರು ಇಳಿದರೆ ಕೆಲಸ ಆಗುತ್ತಿದೆ. ನೀರು ತಿಳಿಯಾಗುವವರೆಗೆ ಹೀಗೇ ಮಾಡಿ, ಒಣಗಲು ಬಿಟ್ಟು, ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ಹನಿ ಹಾಕಿ. ಚಿಮಣಿ ಎಣ್ಣೆ ತೊಳೆಯಲು ಮಾತ್ರ, ಅದನ್ನೇ ಬಿಟ್ಟರೆ ಒಣಗಿದ ಮೇಲೆ ಲೋಹಕ್ಕೆ ಕಾವಲು ಇರುವುದಿಲ್ಲ. ಬೆಂಕಿ, ಊದಿನಕಡ್ಡಿ ಹತ್ತಿರ ಇರಬಾರದು, ಕಿಟಕಿ ತೆರೆದಿರಲಿ. ಇಷ್ಟಾದ ಮೇಲೂ ಭಾರ ಇದ್ದರೆ ಸ್ಪ್ರಿಂಗೋ ಪಿನ್ನೋ ಹೋಗಿದೆ. ಅದು ನಿಮ್ಮ ಕೈಯದ್ದಲ್ಲ.

ಸಿಲಿಂಡರ್ ಒಂದು ಕಡೆ ಬಂದಾಗ ಉಜ್ಜುತ್ತದೆ, ಇಲ್ಲವೇ ತೆರೆಯುವುದೇ ಇಲ್ಲ

ಖಂಡೇನವಮಿ ಆದ ಮೇಲೆ ಈ ದೂರು ಜಾಸ್ತಿ ಅಂದರೆ ನಗಬೇಡಿ. ಪೂಜೆಗೆ ಅರಿಷಿಣ, ಕುಂಕುಮ, ಗಂಧ, ಹೂವು ಎಲ್ಲ ಆಗುತ್ತದೆ. ಆ ಪುಡಿ ಸಿಲಿಂಡರ್ ಮತ್ತು ಬ್ಯಾರಲ್ ನಡುವಿನ ಸಂದಿಗೆ ಇಳಿಯುತ್ತದೆ. ಆ ಸಂದಿ ಇರುವುದೇ ಕೂದಲೆಳೆಯ ದಪ್ಪದಷ್ಟು. ಒದ್ದೆ ಕುಂಕುಮ ಅಲ್ಲಿ ಒಣಗಿದರೆ ಸಾಕು, ಸಿಲಿಂಡರ್ ಬಿಗಿಯುತ್ತದೆ. ಹಲ್ಲುಜ್ಜುವ ಹಳೆ ಬ್ರಶ್, ಒಂಚೂರು ಎಣ್ಣೆ, ಅಷ್ಟರಲ್ಲಿ ಸರಿ ಹೋಗುತ್ತದೆ. ಪೂಜೆ ಬೇಡ ಅನ್ನುತ್ತಿಲ್ಲ. ಕುಂಕುಮವನ್ನು ಮರದ ಹಿಡಿಕೆಗೆ ಹಚ್ಚಿ, ಬನ್ನಿ ಕೊಟ್ಟು ಬಂದ ದಿನವೇ ಒರೆಸಿಬಿಡಿ.

ಅದಲ್ಲದಿದ್ದರೆ ಸಿಲಿಂಡರ್ ಹೊರಗೆ ತೆಗೆದು, ಖಾಲಿ ಕೋಶ ಹೊರದೂಡುವ ನಕ್ಷತ್ರದಂಥ ಭಾಗವನ್ನು ಮೇಲಕ್ಕೆತ್ತಿ ಅದರ ಕೆಳಗೆ ನೋಡಿ. ಒಂದು ಮರಳಿನ ಕಾಳು, ಸುಡದೆ ಉಳಿದ ಮದ್ದಿನ ಚೂರು ಅಲ್ಲಿದ್ದರೂ ನಕ್ಷತ್ರ ಪೂರ್ತಿ ಕೂರುವುದಿಲ್ಲ, ಹಿಂದೆ ಉಜ್ಜುತ್ತದೆ. ಒಣ ಬ್ರಶ್‌ನಿಂದ ಕೆಡವಿ. ಇಲ್ಲಿಗೆ ಎಣ್ಣೆ ಬೇಡ, ಎಣ್ಣೆ ಇದ್ದರೆ ಮತ್ತೆ ಕಸ ಕೂರುತ್ತದೆ.

ಸ್ಮಿತ್ ಅಂಡ್ ವೆಸನ್ ಇದ್ದವರಿಗೆ ಇನ್ನೊಂದು. ಬ್ಯಾರಲ್ ಕೆಳಗೆ ಇರುವ ಕಡ್ಡಿ, ಅಂದರೆ ಎಜೆಕ್ಟರ್ ರಾಡ್, ತಿರುಪಿನಿಂದ ಕೂತಿರುತ್ತದೆ. 1960ರ ಸುಮಾರಿಗಿಂತ ಹಿಂದಿನವುಗಳಲ್ಲಿ ಆ ತಿರುಪು ಬಳಸುತ್ತ ಬಳಸುತ್ತ ತಾನೇ ಸಡಿಲಾಗುತ್ತದೆ. ಕಡ್ಡಿ ಉದ್ದವಾಗಿ ಮುಂದೆ ಒತ್ತಿಕೊಳ್ಳುತ್ತದೆ, ಸಿಲಿಂಡರ್ ತೆರೆಯಲು ಬರುವುದಿಲ್ಲ. ಆಮೇಲೆ ಕಂಪನಿ ತಿರುಪಿನ ದಿಕ್ಕನ್ನೇ ಬದಲಿಸಿತು. ತೆರೆಯುವ ಸ್ಥಿತಿಯಲ್ಲಿದ್ದರೆ ಬೆರಳಿಂದ ಬಿಗಿ ಮಾಡಬಹುದು. ಇಕ್ಕಳ ಹಾಕಿದರೆ ಕಡ್ಡಿಯ ಮೇಲೆ ಹಲ್ಲಿನ ಗುರುತು ಉಳಿಯುತ್ತದೆ, ಅದು ಹೋಗುವುದಿಲ್ಲ.

ಸಿಲಿಂಡರ್ ಹೊರಗಿಟ್ಟು ಮೆಲ್ಲಗೆ ತಿರುಗಿಸಿ ಕಡ್ಡಿಯ ತುದಿ ನೋಡಿ. ತುದಿ ಒಂದೇ ಕಡೆ ನಿಂತಿದ್ದರೆ ನೇರ ಇದೆ. ಸುತ್ತು ಹೊಡೆದರೆ ಬಾಗಿದೆ. ಸಿನಿಮಾದಲ್ಲಿ ಮಣಿಕಟ್ಟು ಝಾಡಿಸಿ ಸಿಲಿಂಡರ್ ಮುಚ್ಚುತ್ತಾರಲ್ಲ, ಆ ಚಟದಿಂದ ಕಡ್ಡಿಯ ಜೊತೆ ಸಿಲಿಂಡರ್ ಹೊತ್ತ ತೋಳೂ ಬಾಗುತ್ತದೆ. ಎರಡೂ ಕೈಯಿಂದ ಮುಚ್ಚಿ. ಬಾಗಿದ್ದನ್ನು ನೇರ ಮಾಡುವ ಕೆಲಸ ಬಂದೂಕು ರಿಪೇರಿಯವರದು.

ಸಿಲಿಂಡರ್ ಅಲ್ಲಾಡುತ್ತದೆ

ಸ್ವಲ್ಪ ನಿಂತು ನೋಡಬೇಕಾದ ದೋಷ ಇದು. ಯಾಕಂದರೆ ಎಲ್ಲ ಅಲ್ಲಾಟವೂ ದೋಷ ಅಲ್ಲ. ಎರಡು ಬಗೆ ಇದೆ. ಒಂದು ಹಿಂದೆ ಮುಂದೆ ಆಡುವುದು, ಇನ್ನೊಂದು ಸುತ್ತ ಆಡುವುದು. ಕೊಳ್ಳುವಾಗ ಜನ ಎರಡನ್ನೂ ಸೇರಿಸಿ ಲೂಸ್ ಅಂದುಬಿಡುತ್ತಾರೆ. ಕಾರಣ ಬೇರೆ, ಖರ್ಚೂ ಬೇರೆ.

ಹಿಂದೆ ಮುಂದೆ ಆಡುವುದನ್ನು ಅಳೆಯಬಹುದು. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸೆಟ್ ಮಾಡಲು ಇಟ್ಟುಕೊಳ್ಳುವ ಫೀಲರ್ ಗೇಜ್ ಇದೆಯಲ್ಲ, ತೆಳು ಉಕ್ಕಿನ ಎಲೆಗಳ ಕಟ್ಟು, ಅದೇ ಸಾಕು. ಹುಬ್ಬಳ್ಳಿಯ ಯಾವುದೇ ಆಟೋಮೊಬೈಲ್ ಅಂಗಡಿಯಲ್ಲಿ ಸಿಗುತ್ತದೆ. ಗೇಜ್ ಮನೆಗೆ ತನ್ನಿ, ರಿವಾಲ್ವರನ್ನು ಗ್ಯಾರೇಜಿಗೆ ಒಯ್ಯಬೇಡಿ. ಖಾಲಿ ಸಿಲಿಂಡರ್ ಮುಚ್ಚಿ, ಬೆರಳಿಂದ ಅದನ್ನು ಹಿಂದಕ್ಕೆ ಒತ್ತಿ ಹಿಡಿದು, ಬ್ಯಾರಲ್‌ಗೂ ಸಿಲಿಂಡರ್‌ಗೂ ನಡುವೆ ಯಾವ ಎಲೆ ಹೋಗುತ್ತದೆ ನೋಡಿ. ಬಲ ಹಾಕಬೇಡಿ, ಎಲೆ ಜಾರಿ ಹೋಗಬೇಕು. ಈಗ ಸಿಲಿಂಡರನ್ನು ಮುಂದಕ್ಕೆ ಒತ್ತಿ ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವೇ ಹಿಂದೆ ಮುಂದೆ ಆಟ.

ಸಂದಿ 0.10ರಿಂದ 0.20 ಮಿಲಿಮೀಟರ್ ಒಳಗಿದ್ದರೆ ಆರೋಗ್ಯ ಚೆನ್ನಾಗಿದೆ. 0.30 ದಾಟಿದರೆ ಪಕ್ಕಕ್ಕೆ ಬಿಸಿ ಗಾಳಿ, ಸೀಸದ ಚೂರು ಹಾರುತ್ತವೆ, ಗುಂಡು ಹಾರಿಸುವುದು ನಿಲ್ಲಿಸಿ ತೋರಿಸಬೇಕು. ಆಟ 0.05ರ ಆಸುಪಾಸು ಇದ್ದರೆ ಚಿಂತೆ ಇಲ್ಲ. ಅದಕ್ಕಿಂತ ಸ್ಪಷ್ಟವಾಗಿ ಹೆಚ್ಚಿದ್ದರೆ ಪ್ರತಿ ಹೊಡೆತಕ್ಕೂ ಸಿಲಿಂಡರ್ ಫ್ರೇಮ್‌ಗೆ ಬಡಿಯುತ್ತಿದೆ ಅಂತ ಅರ್ಥ, ಬಡಿದಷ್ಟೂ ಆಟ ಬೆಳೆಯುತ್ತದೆ. ಇದನ್ನು ತೆಳು ವಾಷರ್ ಹಾಕಿಯೋ ತೋಳಿನ ತುದಿ ಹಿಗ್ಗಿಸಿಯೋ ಸರಿ ಮಾಡುತ್ತಾರೆ. ಗಾಬರಿಯಾಗುವ ದೋಷ ಏನಲ್ಲ.

ಸುತ್ತ ಆಡುವುದನ್ನು ನೋಡಲು ಹೀಗೆ ಮಾಡಿ. ಸ್ನ್ಯಾಪ್ ಕ್ಯಾಪ್ ಅನ್ನುವ ಡಮ್ಮಿ ಕಾಡತೂಸು ಹಾಕಿ. ಹ್ಯಾಮರ್ ಎಳೆದು, ಹೆಬ್ಬೆರಳಲ್ಲಿ ಗಟ್ಟಿ ಹಿಡಿದು, ಟ್ರಿಗರ್ ಒತ್ತಿ, ಹ್ಯಾಮರನ್ನು ನಿಧಾನ ಇಳಿಸಿ. ಟ್ರಿಗರ್ ಒತ್ತಿದ್ದು ಒತ್ತಿದ ಹಾಗೇ ಇರಲಿ. ಈಗ ಇನ್ನೊಂದು ಕೈಯಿಂದ ಸಿಲಿಂಡರನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಹಳೆ ಕೋಲ್ಟ್ ಆದರೆ ಒಂದಿಷ್ಟೂ ಅಲ್ಲಾಡಬಾರದು, ಪೊಲೀಸ್ ಪಾಸಿಟಿವ್ ಮಾಡೆಲ್ ಇರಲಿ ಪೈಥಾನ್ ಇರಲಿ. ಅವುಗಳಲ್ಲಿ ಸಿಲಿಂಡರ್ ತಿರುಗಿಸುವ ಸಣ್ಣ ಉಕ್ಕಿನ ಪಟ್ಟಿ, ಹ್ಯಾಂಡ್ ಅಂತ ಕರೆಯುತ್ತಾರೆ, ಕೊನೆಯವರೆಗೂ ಸಿಲಿಂಡರನ್ನು ಅದನ್ನು ಜಾಗದಲ್ಲಿ ನಿಲ್ಲಿಸುವ ತಡೆಗೊಕ್ಕೆಗೆ ಒತ್ತಿ ಹಿಡಿಯುತ್ತದೆ. ಆ ಬಿಗಿತ ಅನುಭವಿಸಿದರೆ ಮರೆಯುವುದಿಲ್ಲ, ಬೀಗ ಬಿದ್ದ ಹಾಗೆ ನಿಲ್ಲುತ್ತದೆ. ಆದರೆ ಆ ಬಿಗಿತದ ಭಾರವೆಲ್ಲ ಹ್ಯಾಂಡ್ ಮೇಲೇ. ಅದು ಸವೆಯುವುದು ಅದರ ಹಣೆಬರಹ. ಸ್ಮಿತ್ ಅಂಡ್ ವೆಸನ್ ಬೇರೆ ಜಾತಿ. ಅದರಲ್ಲಿ ಕೂದಲೆಳೆಯಷ್ಟು ಆಟ ಹೊಸದರಲ್ಲೇ ಇರುತ್ತದೆ. ಕೋಲ್ಟ್ ಇಟ್ಟವರು ಸ್ಮಿತ್ ಅಂಡ್ ವೆಸನ್ ಮುಟ್ಟಿ ಅಯ್ಯೋ ಲೂಸ್ ಅನ್ನುವುದು ಇದರಿಂದಲೇ.

ಹ್ಯಾಮರ್ ಕೂತರೂ ಸಿಲಿಂಡರ್ ಜಾಗಕ್ಕೆ ಬಂದಿರುವುದಿಲ್ಲ

ಇಲ್ಲಿ ಕಿವಿ ಬೇಕು. ಫ್ಯಾನ್ ಬಂದ್ ಮಾಡಿ. ಡಮ್ಮಿ ಹಾಕಿಯೇ ಇರಲಿ, ಇಲ್ಲವಾದರೆ ಸ್ಮಿತ್ ಅಂಡ್ ವೆಸನ್‌ನಲ್ಲಿ ಹಿಂದಿನ ನಕ್ಷತ್ರ ಸ್ವಲ್ಪ ಅಲುಗಿ ಸುಳ್ಳು ದೋಷ ತೋರಿಸುತ್ತದೆ. ಒಂದು ಬೆರಳನ್ನು ಸಿಲಿಂಡರ್ ಮೇಲೆ ಹಗುರವಾಗಿ ಇಟ್ಟು, ಹ್ಯಾಮರನ್ನು ಆದಷ್ಟು ನಿಧಾನ ಎಳೆಯಿರಿ. ಎರಡು ಸದ್ದು ಬರುತ್ತದೆ. ತಡೆಗೊಕ್ಕೆ ಸಿಲಿಂಡರ್‌ನ ತೋಡಿಗೆ ಬೀಳುವ ಟಿಕ್, ಹ್ಯಾಮರ್ ನಿಲ್ಲುವ ಕ್ಲಿಕ್. ಟಿಕ್ ಮೊದಲು ಬರಬೇಕು, ಜೊತೆಗೆ ಬಂದರೂ ನಡೆಯುತ್ತದೆ. ಕ್ಲಿಕ್ ಆಗಿ ಹ್ಯಾಮರ್ ನಿಂತ ಮೇಲೂ ಸಿಲಿಂಡರನ್ನು ಬೆರಳಿಂದ ಇನ್ನಷ್ಟು ತಿರುಗಿಸಿದಾಗ ಟಿಕ್ ಅಂದರೆ, ಸಮಯ ಹಿಂದೆ ಬಿದ್ದಿದೆ.

ಆರೂ ಕೋಣೆಗೆ ಇದನ್ನೇ ಮಾಡಿ, ಕಾಗದದಲ್ಲಿ ಬರೆದುಕೊಳ್ಳಿ. ಒಂದೋ ಎರಡೋ ಕೋಣೆ ಮಾತ್ರ ತಪ್ಪಿದರೆ ಸಿಲಿಂಡರ್ ಹಿಂದಿನ ಹಲ್ಲುಚಕ್ರದಲ್ಲಿ ಆ ಹಲ್ಲು ಸವೆದಿದೆ. ಆರೂ ತಪ್ಪಿದರೆ ಹ್ಯಾಂಡ್ ಸವೆದಿದೆ. ಬಿಚ್ಚದೆಯೇ ಇಷ್ಟು ಗೊತ್ತಾಗುತ್ತದೆ.

ಸಮಯ ತಪ್ಪಿದ ರಿವಾಲ್ವರ್‌ನಲ್ಲಿ ಗುಂಡು ಹಾರಿಸಬೇಡಿ. ಕೋಣೆಯೂ ಬ್ಯಾರಲ್ಲೂ ನೇರ ಇರುವುದಿಲ್ಲ, ಗುಂಡು ಬ್ಯಾರಲ್ ಬಾಯಿಗೆ ಕೆರೆದು ಒಳಗೆ ಹೋಗುತ್ತದೆ. ಕೆರೆದ ಸೀಸ ಪಕ್ಕದವರ ಮುಖಕ್ಕೆ. ಬ್ಯಾರಲ್‌ನ ಹಿಂಬಾಯಿಯ ಒಂದೇ ಪಕ್ಕ ಸೀಸ ಮೆತ್ತಿದ್ದರೆ ಈ ದೋಷ ಹಳೆಯದು ಅಂತ ತಿಳಿಯಿರಿ. ಇದನ್ನು ಸರಿ ಮಾಡಲು ಹೊಸ ಹ್ಯಾಂಡ್ ತಂದು ಅರದಿಂದ ಒಂಚೂರೊಂಚೂರು ಸವೆಸಿ ಕೂರಿಸಬೇಕು, ಹಳೆ ಕುಶಲಕರ್ಮಿ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕು. ಕೆಲವರು ಹಳೆ ಹ್ಯಾಂಡನ್ನೇ ಸುತ್ತಿಗೆಯಿಂದ ತಟ್ಟಿ ಉದ್ದ ಮಾಡಿ ಕೊಡುತ್ತಾರೆ. ಸ್ವಲ್ಪ ದಿನ ನಡೆಯುತ್ತದೆ. ಮೊದಲೇ ಯಾರೋ ತಟ್ಟಿದ್ದನ್ನು ಮತ್ತೆ ತಟ್ಟಿದರೆ ತುಂಡಾಗುತ್ತದೆ.

ಎಳೆದಿಟ್ಟ ಹ್ಯಾಮರ್ ತಾನೇ ಬೀಳುತ್ತದೆ

ಖಾಲಿ ಅಂತ ಮತ್ತೆ ನೋಡಿಕೊಳ್ಳಿ. ಡಮ್ಮಿ ಹಾಕಿ, ಹ್ಯಾಮರ್ ಎಳೆದಿಡಿ, ಟ್ರಿಗರ್‌ನಿಂದ ಬೆರಳು ಪೂರ್ತಿ ದೂರ. ಹೆಬ್ಬೆರಳಿಂದ ಹ್ಯಾಮರನ್ನು ಮುಂದಕ್ಕೆ ಒತ್ತಿ. ಸಾಧಾರಣ ಒತ್ತು ಸಾಕು. ಬಿದ್ದರೆ ಅಲ್ಲಿಗೆ ನಿಲ್ಲಿಸಿ. ಇನ್ನೊಮ್ಮೆ ನೋಡೋಣ ಅನ್ನುವುದೂ ಬೇಡ.

ಹ್ಯಾಮರ್ ಮತ್ತು ಟ್ರಿಗರ್ ಒಂದನ್ನೊಂದು ಹಿಡಿಯುವ ಅಂಚು ತುಂಬ ಸಣ್ಣದು. ಹಿಂದಿನವರು ಯಾರೋ ಟ್ರಿಗರ್ ನಯ ಮಾಡುತ್ತೇನೆ ಅಂತ ಅದನ್ನು ಉಜ್ಜಿರುತ್ತಾರೆ. ಆ ಅಂಚಿನ ಮೇಲ್ಪದರ ಮಾತ್ರ ಗಟ್ಟಿ, ಅದು ಹೋದರೆ ಕೆಳಗಿನ ಮೆತ್ತನೆ ಉಕ್ಕು ಬೇಗ ಸವೆಯುತ್ತದೆ. ಕೆಳಗೆ ಬಿದ್ದರೆ, ಬಾಗಿಲಿಗೆ ತಾಗಿದರೆ ಹಾರಬಹುದು. ಈ ರಿವಾಲ್ವರ್‌ಗೆ ಕಾಡತೂಸು ತುಂಬುವಂತೆಯೇ ಇಲ್ಲ, ರಿಪೇರಿ ಆಗುವ ತನಕ.

ಟ್ರಿಗರ್ ಒತ್ತಿದರೆ ಬರೀ ಕ್ಲಿಕ್

ಇದು ಪರವಾನಗಿ ಇರುವ ಶೂಟಿಂಗ್ ರೇಂಜಿನಲ್ಲಿ ಎದುರಾಗುವ ತೊಂದರೆ. ಗುಂಡು ಹಾರಲಿಲ್ಲ ಅಂದ ತಕ್ಷಣ ಸಿಲಿಂಡರ್ ತೆರೆಯಬೇಡಿ. ಬ್ಯಾರಲ್ ಗುರಿಯ ಕಡೆಗೇ ಇರಲಿ, ಅರ್ಧ ನಿಮಿಷ ಕಾಯಿರಿ. ಹಳೆ ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಕ್ಲಿಕ್ ಬದಲು ಪುಸ್ ಅಂತ ಸಣ್ಣ ಸದ್ದು ಬಂದಿದ್ದರೆ ಇನ್ನೂ ಅಪಾಯ. ಗುಂಡು ಬ್ಯಾರಲ್ ನಡುವೆ ಸಿಕ್ಕಿರಬಹುದು, ಅದರ ಹಿಂದೆ ಇನ್ನೊಂದು ಹಾರಿಸಿದರೆ ಬ್ಯಾರಲ್ ಸೀಳುತ್ತದೆ.

ಆಮೇಲೆ ಕಾಡತೂಸಿನ ಬೆನ್ನು ನೋಡಿ. ಹ್ಯಾಮರ್ ಹೊಡೆದ ಗುಳಿ ಆಳವಾಗಿದ್ದರೆ ಕಾಡತೂಸು ಹಳತು. ಗುಳಿ ಮೇಲ್ಮೇಲೆ ಇದ್ದರೆ ಹೊಡೆತ ಸಾಲುತ್ತಿಲ್ಲ. ಒಂದೋ ಮೇಲೆ ಹೇಳಿದ ಗಟ್ಟಿ ಎಣ್ಣೆ, ಅಥವಾ ಸ್ಮಿತ್ ಅಂಡ್ ವೆಸನ್ ಆದರೆ ಹಿಡಿಕೆಯ ಮುಂಭಾಗದ ಕೆಳಗಿರುವ ಸಣ್ಣ ಸ್ಕ್ರೂ. ಅದು ಮುಖ್ಯ ಸ್ಪ್ರಿಂಗ್‌ಗೆ ಬಿಗಿ ಕೊಡುತ್ತದೆ. ಟ್ರಿಗರ್ ಹಗುರ ಆಗಲಿ ಅಂತ ಅದನ್ನು ಸಡಿಲಿಸಿರುತ್ತಾರೆ. ರಿಪೇರಿಯವರಿಗೆ ಹೇಳಿದರೆ ಕ್ಷಣದ ಕೆಲಸ.

ಇನ್ನೊಂದು ಮುಖ್ಯ ಮಾತು. ಪಿಸ್ತೂಲಿನ ಪಾಯಿಂಟ್ 32, ಅಂದರೆ 7.65, ಮತ್ತು ರಿವಾಲ್ವರ್‌ನ ಪಾಯಿಂಟ್ 32 ಬೇರೆ ಬೇರೆ. ಪಿಸ್ತೂಲಿನದು ಹಲವು ರಿವಾಲ್ವರ್‌ಗಳ ಕೋಣೆಗೆ ಹೋಗಿ ಕೂರುತ್ತದೆ, ಕೂತಿತಲ್ಲ ಅಂತ ಹಾರಿಸುತ್ತಾರೆ. ಅದರ ಒತ್ತಡ ಹೆಚ್ಚು. ನೂರು ವರ್ಷದ ಉಕ್ಕಿಗೆ ಅದನ್ನು ಕೊಡಬಾರದು. ಕಪ್ಪು ಮದ್ದಿನ ಕಾಲದಲ್ಲಿ ಮಾಡಿದ, ನಡುವೆ ಮುರಿದು ತೆರೆಯುವ ಹಳೆಯವಂತೂ ಈಗಿನ ಕಾಡತೂಸಿಗೆ ಅಲ್ಲವೇ ಅಲ್ಲ. ಅವು ನೋಡಿ ಆನಂದಿಸಲು.

ವೆಬ್ಲಿ ಮುಚ್ಚಿದರೂ ಮೇಲೆ ಬೆಳಕು ಕಾಣುತ್ತದೆ

1887ರ ಮಾರ್ಕ್ ಒಂದರಿಂದ 1915ರ ಮಾರ್ಕ್ ಆರರವರೆಗೆ ಮತ್ತು ಪಾಯಿಂಟ್ 32ರ ಸಣ್ಣ ವೆಬ್ಲಿಗಳಲ್ಲೂ ಬ್ಯಾರಲ್ ಕೆಳಗೆ ಮಡಚಿ ತೆರೆಯುತ್ತದೆ. ಮುಚ್ಚಿದ ಮೇಲೆ ಬ್ಯಾರಲ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಮೇಲಿನ ಕೊಂಡಿ ಹತ್ತಿರ ಕದಲಿದರೆ ಕೊಂಡಿ ಸವೆದಿದೆ. ಪಕ್ಕಕ್ಕೆ ಕದಲಿದರೆ ಕೆಳಗಿನ ಕೀಲು. ಮೊದಲು ಕೊಂಡಿಯ ಸಂದಿಯ ಕಸ ತೆಗೆದು ನೋಡಿ, ಬಹಳ ಸಲ ಅಷ್ಟೇ ಇರುತ್ತದೆ. ಅಮೆರಿಕಕ್ಕೆ ಹೋದ ಹಲವು ಪಾಯಿಂಟ್ 455 ವೆಬ್ಲಿಗಳ ಸಿಲಿಂಡರ್ ಹಿಂಭಾಗ ಸವೆಸಿ ಪಾಯಿಂಟ್ 45 ಪಿಸ್ತೂಲಿನ ಕಾಡತೂಸು ಹಾಕುವಂತೆ ಮಾಡಿದ್ದರು. ಸಂಗ್ರಹದ ದೃಷ್ಟಿಯಿಂದ ಅಂಥದ್ದರ ಬೆಲೆ ಕಡಿಮೆ.

ಬ್ಯಾರಲ್ ಒಳಗೆ ಕಪ್ಪು ಉಂಗುರ, ಚುಕ್ಕೆ

ಸಿಲಿಂಡರ್ ಹೊರಗಿರಲಿ, ಖಾಲಿ ಇರಲಿ. ಸಿಲಿಂಡರ್ ಕೂರುವ ಫ್ರೇಮ್ ಕಿಟಕಿಯಲ್ಲಿ ಒಂದು ಬಿಳಿ ಕಾಗದದ ಚೂರು ಓರೆಯಾಗಿ ಇಟ್ಟು ಅದಕ್ಕೆ ಬೆಳಕು ಬಿಡಿ, ಬ್ಯಾರಲ್ ಒಳಗೆಲ್ಲ ಬೆಳಗುತ್ತದೆ. ಸುರುಳಿ ತೋಡುಗಳು ಚೂಪಾಗಿ ಕಂಡರೆ ಒಳ್ಳೆಯದು. ಚುಕ್ಕೆ ಚುಕ್ಕೆ ಗುಳಿ ಇದ್ದರೆ ಹಳೆ ಕಾಡತೂಸಿನ ಬೆನ್ನಲ್ಲಿ ಕಿಡಿ ಕೊಡುವ ಕ್ಯಾಪ್‌ನಲ್ಲಿದ್ದ ಉಪ್ಪಿನಂಶದ ಕೆಲಸ. ಹಾರಿಸಿದ ಮೇಲೆ ಬಿಸಿನೀರಲ್ಲಿ ತೊಳೆಯದೆ ಬಿಟ್ಟಿದ್ದರು. ಗುಳಿ ಹೋಗುವುದಿಲ್ಲ, ಬೆಳೆಯದಂತೆ ಎಣ್ಣೆ ಹಚ್ಚಿಡಬಹುದು. ಆದರೆ ಪೂರ್ತಿ ಸುತ್ತಿನ ಕಪ್ಪು ಉಂಗುರ ನೆರಳಿನ ಹಾಗೆ ಕಂಡರೆ ಅಲ್ಲಿ ಬ್ಯಾರಲ್ ಉಬ್ಬಿದೆ. ಹೊರಗೆ ಬೆರಳು ಎಳೆದರೆ ಕೈಗೂ ಸಿಗಬಹುದು. ಬ್ಯಾರಲ್‌ನ ಹಿಂಬಾಯಿಯಲ್ಲಿ ಕೆಳಗಡೆ ಸಣ್ಣ ಬಿರುಕು ಇದೆಯಾ ಅಂತಲೂ ನೋಡಿ. ಉಬ್ಬು, ಬಿರುಕು ಎರಡರಲ್ಲಿ ಯಾವುದಿದ್ದರೂ ಅದು ಇನ್ನು ಹಾರಿಸುವ ಆಯುಧ ಅಲ್ಲ.

ತುಕ್ಕು, ಬಣ್ಣ ಹೋಗಿದೆ

ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಗೋಡೆಗೇ ಬೂಸ್ಟು ಬರುತ್ತದೆ, ಇನ್ನು ಉಕ್ಕಿನ ಪಾಡೇನು. ಚುನಾವಣೆ ಬಂದಾಗ ಠಾಣೆಯಲ್ಲಿ ಜಮಾ ಮಾಡಿದ್ದು ವಾಪಸು ಬರುವ ಹೊತ್ತಿಗೆ ಚರ್ಮದ ಚೀಲದೊಳಗೆ ಕೆಂಪಾಗಿರುತ್ತದೆ. ಚೀಲದ ಗುಂಡಿಗಳ ಸುತ್ತ ಹಸಿರು ಹಿಟ್ಟು ಕಂಡರೆ ಚರ್ಮ ತೇವ ಹಿಡಿದಿದೆ ಅಂತಲೇ. ಚರ್ಮದ ಚೀಲ ಹೊರಗೆ ಒಯ್ಯಲು ಮಾತ್ರ, ಇಡಲು ಅಲ್ಲ. ಎಣ್ಣೆ ಸವರಿದ ಹತ್ತಿ ಬಟ್ಟೆ, ಸಿಲಿಕಾ ಜೆಲ್ ಪೊಟ್ಟಣ, ಬೀಗ ಹಾಕಿದ ಉಕ್ಕಿನ ಪೆಟ್ಟಿಗೆ. ಜಮಾ ಮಾಡುವಾಗಲೂ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿ ಕೊಡಿ, ರಸೀದಿಯಲ್ಲಿ ನಂಬರ್ ಸರಿ ಬರೆದಿದ್ದಾರಾ ನೋಡಿ.

ಬಂದ ತುಕ್ಕು ಬೆರಳಿಗೆ ಕೆಂಪಾಗಿ ಹತ್ತಿದರೆ ಅದು ಹೊಸದು. ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು ಒರಟು ಬಟ್ಟೆಯಿಂದ ಒರೆಸಿ. ಹೋಗದಿದ್ದರೆ ಹಳೆ ತಾಮ್ರದ ಕಾಸಿನ ಅಂಚು, ಎಣ್ಣೆಯ ಜೊತೆ. ತಾಮ್ರ ಉಕ್ಕಿಗಿಂತ ಮೆತ್ತಗೆ, ತುಕ್ಕನ್ನು ಕೆರೆದು ಉಕ್ಕನ್ನು ಬಿಡುತ್ತದೆ. ಬೆರಳಿಗೆ ಹತ್ತದ, ಸಮನಾದ ಕಂದು ಬಣ್ಣ ಇದ್ದರೆ ಬಿಡಿ. ಅದು ವಯಸ್ಸು. ಸಂಗ್ರಾಹಕರು ಅದಕ್ಕೇ ದುಡ್ಡು ಕೊಡುತ್ತಾರೆ.

ದೇವರ ಪಾತ್ರೆ ಬೆಳಗುವ ಹುಣಸೆಹಣ್ಣು, ಲಿಂಬೆಹಣ್ಣು ಇದರ ಹತ್ತಿರ ಬರಬಾರದು. ರಿವಾಲ್ವರ್‌ನ ಆ ನೀಲಿ ಕಪ್ಪು ಬಣ್ಣವೂ ಒಂದು ಬಗೆಯ ನಿಯಂತ್ರಿತ ತುಕ್ಕೇ, ಹುಳಿ ಅದನ್ನು ಕ್ಷಣದಲ್ಲಿ ತಿನ್ನುತ್ತದೆ. ಹಬ್ಬದ ಹಿಂದಿನ ದಿನ ಯಾರೋ ಪ್ರೀತಿಯಿಂದ ಬೆಳಗಿ ಬೆಳ್ಳಗೆ ಮಾಡಿದ ವೆಬ್ಲಿ ನೋಡಿದ್ದೇನೆ. ಎಷ್ಟು ಹೊಳೆಯುತ್ತಿತ್ತು ಅಂದರೆ ನೋಡಲು ಆಗುತ್ತಿರಲಿಲ್ಲ. ನಿಕಲ್ ಮಾಡಿಸುವುದು, ಬಫ್ ಹೊಡೆಸುವುದೂ ಹಾಗೆಯೇ. ಬಫ್ ಹೊಡೆದರೆ ಚೂಪು ಅಂಚುಗಳು ದುಂಡಾಗುತ್ತವೆ, ಕಂಪನಿಯ ಮುದ್ರೆ ಮಸುಕಾಗುತ್ತದೆ. ನಂಬರ್ ಅಳಿದರಂತೂ ಅದು ಬರೀ ಬೆಲೆಯ ಪ್ರಶ್ನೆ ಅಲ್ಲ, ಗುರುತಿನ ಸಂಖ್ಯೆ ಅಳಿಸುವುದು 1959ರ ಆಯುಧ ಕಾಯ್ದೆಯಲ್ಲಿ ಅಪರಾಧ. ಹಿಡಿಕೆ ದಂತದ್ದೋ ಜಿಂಕೆ ಕೊಂಬಿನದ್ದೋ ಇದ್ದರೆ 1972ರ ವನ್ಯಜೀವಿ ಕಾಯ್ದೆಯ ಕಾಗದ ಇದೆಯಾ ಅಂತಲೂ ನೋಡಿಕೊಳ್ಳಿ.

ರಿಪೇರಿಗೆ ಕೊಡುವಾಗ

ಬಂದೂಕು ರಿಪೇರಿ ಮಾಡುವವರಿಗೂ ಪರವಾನಗಿ ಬೇಕು. ಲೇಥ್ ಕೆಲಸದಲ್ಲಿ ಎಷ್ಟೇ ಚೆನ್ನಾಗಿ ಕೈ ಪಳಗಿದವರಾದರೂ ಪರವಾನಗಿ ಇಲ್ಲದಿದ್ದರೆ ಕೊಡುವಂತಿಲ್ಲ, ಕೊಟ್ಟರೆ ಅವರಿಗೂ ತೊಂದರೆ ನಿಮಗೂ ತೊಂದರೆ. ಬೇರೆ ಜಿಲ್ಲೆಗೆ, ಬೇರೆ ರಾಜ್ಯಕ್ಕೆ ಒಯ್ಯುವ ಮೊದಲು ಪರವಾನಗಿಯ ವ್ಯಾಪ್ತಿ ಎಲ್ಲಿಯವರೆಗೆ ಅಂತ ಓದಿ. ಅನುಮಾನ ಇದ್ದರೆ ಹುಬ್ಬಳ್ಳಿ-ಧಾರವಾಡದವರು ಪೊಲೀಸ್ ಕಮಿಷನರ್ ಕಚೇರಿಯಲ್ಲಿ, ಗದಗ ಹಾವೇರಿಯವರು ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ.

ಕೊಡುವಾಗ ಬರೀ ಸರಿಯಿಲ್ಲ ಅನ್ನಬೇಡಿ. ಯಾವ ಕೋಣೆಯಲ್ಲಿ ಟಿಕ್ ತಡವಾಯಿತು, ಸಂದಿ ಎಷ್ಟು ಬಂತು, ಹ್ಯಾಮರ್ ಒತ್ತಿದರೆ ಬಿತ್ತಾ ಇಲ್ಲವಾ, ಬರೆದು ಕೊಡಿ. ಎಲ್ಲ ಬದಿಯಿಂದ ಫೋಟೊ ತೆಗೆದಿಡಿ, ಹಿಡಿಕೆಯ ಒಳಮೈ, ಸಿಲಿಂಡರ್ ತೋಳು ಇಂಥ ಕಡೆ ಸಣ್ಣ ನಂಬರ್ ಇದ್ದರೆ ಅದರದ್ದೂ. ಆ ನಂಬರ್‌ಗಳು ಒಂದಕ್ಕೊಂದು ಹೊಂದಿದರೆ ಭಾಗಗಳು ಹುಟ್ಟಿನಿಂದ ಜೊತೆಗಿದ್ದವು ಅಂತ. ಬದಲಿಸಿದ ಹಳೆ ಭಾಗ ಎಷ್ಟೇ ಸವೆದಿರಲಿ, ಪೊಟ್ಟಣ ಕಟ್ಟಿ ವಾಪಸು ಕೊಡಿ ಅಂತ ಮೊದಲೇ ಹೇಳಿ. ಪಾಲಿಶ್ ಮಾಡಬೇಡಿ ಅಂತಲೂ ಹೇಳಿ, ಎರಡು ಸಲ ಹೇಳಿ, ಯಾಕಂದರೆ ಕೇಳದಿದ್ದರೂ ಹೊಳಪು ಕೊಟ್ಟು ಕಳಿಸುವುದು ನಮ್ಮ ಕಡೆ ಒಂದು ಮರ್ಯಾದೆ.